ತಂಬಿಗೆಯ ನೀರು ಹೊತ್ತವರು ಯಾರು?

ಚೀನೀಯರು ನೀರಿನಲ್ಲಿ ತೊಳೆಯದೆ ಕಾಗದದಲ್ಲಿ ಒರೆಸ್ಕೊಳ್ತಾರೆ ಅಂತ 851ರ ಅರಬ್ ಪ್ರವಾಸಕಥನವೊಂದು ಅಚ್ಚರಿಯಿಂದ ದಾಖಲಿಸಿದೆ. ನಮ್ಮ ಗಡಿಗನ್ನಡದ ಪದಗಳೂ ನೀರಿನ ಕಡೆಯವೇ. ಜಾಗದ ಹೆಸರು ಮಾತ್ರ ಎರವಲು: ಕಾಸರಗೋಡಿನ ‘ಕಕ್ಕೂಸು’ ಮೂಲದಲ್ಲಿ ಡಚ್ಚರದು, ಸೊಲ್ಲಾಪುರದ ‘ಸಂಡಾಸ’ ಮರಾಠಿಯಿಂದ ಬಂದದ್ದು. ಆದರೆ ಅಕ್ಕಲಕೋಟೆ, ಜತ್ತದ ಕಡೆ ‘ತಂಬಿಗಿ ತಗೊಂಡು ಹೋಗೂದು’ ಅಂದ್ರೆ ಸಾಕು, ಎಲ್ಲಿಗೆ ಅಂತ ಕೇಳಬೇಕಿಲ್ಲ. ಇಂಥವರಿಗೆ ‘ಶೌಚಕಾಗದ ಕಡಿಮೆ ಮಾಡಿ’ ಅನ್ನೋ ಇಂದಿನ ಉಪದೇಶ ತಮಾಷೆಯಾಗಿಯೇ ಕೇಳ್ತದೆ. ಹಾಗಂತ ಬೀಗೋದಕ್ಕೂ ಆಗದು. 1972ರ ಬರದಲ್ಲಿ ಸೊಲ್ಲಾಪುರ ಸೀಮೆ ಒಣಗಿದಾಗ ದೂರದಿಂದ ಕೊಡ ಹೊತ್ತವರು ಹೆಂಗಸರು. ಬಯಲಿಗೆ ಹೋಗಲು ಕತ್ತಲಾಗಲಿ ಅಂತ ಕಾದವರೂ ಅವರೇ. ಪೇಟೆಯ ಒಣ ಸಂಡಾಸುಗಳ ಮಲವನ್ನು ಜಾತಿಯ ಹೆಸರಲ್ಲಿ ಕೆಲವರ ತಲೆಗೇ ಹೊರಿಸಲಾಗಿತ್ತು. ಅದನ್ನು ನಿಷೇಧಿಸುವ ಕೇಂದ್ರ ಕಾಯ್ದೆ ಬಂದದ್ದು 1993ರಲ್ಲಿ.