ನದೀಮೂಲದ ಶೋಧ: ವಿಕಿರಣಶೀಲ ಅಯೋಡಿನ್ ಮತ್ತು ಕೃಷ್ಣಾ-ಘಟಪ್ರಭಾ ಸೀಮೆಯ ಜಲಜ್ಞಾನ

ಋಷಿಮೂಲ, ನದೀಮೂಲಗಳನ್ನು ಹುಡುಕಬಾರದೆಂಬುದು ಕನ್ನಡ ಜನಪದರ ನಡೆನುಡಿ. ನದಿಯ ಪಾವಿತ್ರ್ಯವನ್ನು ಪ್ರಶ್ನೆಯಿಂದ ಹೊರಗಿರಿಸುವ ವಿವೇಕ ಇದರಲ್ಲಿದೆ. ಅಣುಯುಗವಾದರೋ ಇದಕ್ಕೆ ವಿರುದ್ಧವಾದ ಅಗತ್ಯವೊಂದನ್ನು ಮುಂದಿಟ್ಟಿತು. ನೀರಿನಲ್ಲಿ ಸೇರಿದ ವಿಕಿರಣಶೀಲ ಧಾತುವನ್ನು ಅರಿಯಬೇಕಾದರೆ ಅದರ ಮೂಲವನ್ನೇ ಹುಡುಕಬೇಕಾಯಿತು. ಈ ಶೋಧದ ಇತಿಹಾಸವನ್ನು ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಪರಿಸರದ ಜಲಜ್ಞಾನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಈ ಸೀಮೆಯಲ್ಲಿ ನೀರು ಗಂಗವ್ವನೆಂದು ಪೂಜೆಗೊಳ್ಳುತ್ತದೆ. ಪೂಜಿಸುವ ಜನರೇ ನೀರಿನ ಪರೀಕ್ಷಕರೂ ಆಗಿದ್ದರು. ಬೇಳೆ ಬೇಯುವ ನೀರು ಸಿಹಿನೀರು; ಬೇಯದಿದ್ದರೆ ಗಡಸು; ನಾಲಗೆಗೆ ಒಗರಾದರೆ ಸವಳು. ಅತಿ ನೀರಾವರಿಯಿಂದ ಹೊಲಗಳು ಸವುಳು-ಜವುಳಾದಾಗಲೂ ಮೊದಲು ಗುರುತಿಸಿದ್ದು ರೈತರ ಕಣ್ಣು. ಕಣ್ಣು, ನಾಲಗೆ, ಒಲೆ ಇವೇ ಈ ಜ್ಞಾನದ ಉಪಕರಣಗಳು.

ವಿಕಿರಣಶೀಲ ಅಯೋಡಿನ್ ಈ ಉಪಕರಣಗಳಿಗೆ ನಿಲುಕುವುದಿಲ್ಲ. ಅದಕ್ಕೆ ಬಣ್ಣ, ರುಚಿ, ವಾಸನೆಗಳಿಂದ ಗುರುತು ಸಿಗದು. ಇದರ ಎರಡು ರೂಪಗಳು ಮುಖ್ಯವಾದವು. ಅಯೋಡಿನ್-131ರ ಅರ್ಧಾಯುಷ್ಯ ಸುಮಾರು 8 ದಿನ. 80 ದಿನಗಳಲ್ಲಿ ಅದು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ನೀರಿನಲ್ಲಿ ಅದು ದೊರೆತರೆ ಮೂಲ ಇತ್ತೀಚಿನದು: ಒಂದೋ ರಿಯಾಕ್ಟರ್, ಇಲ್ಲವೇ ಥೈರಾಯ್ಡ್ ಚಿಕಿತ್ಸೆ ನೀಡುವ ಆಸ್ಪತ್ರೆಯ ತ್ಯಾಜ್ಯ. ಆಸ್ಪತ್ರೆಗಳು ಇಂತಹ ರೋಗಿಗಳ ಮಲಮೂತ್ರವನ್ನು ತೊಟ್ಟಿಗಳಲ್ಲಿ ತಡೆಹಿಡಿದು, ವಿಕಿರಣ ಕುಗ್ಗಿದ ಬಳಿಕವೇ ಹೊರಬಿಡುವುದು ಈ ಕಾರಣಕ್ಕಾಗಿ. ಅಯೋಡಿನ್-129ರ ಅರ್ಧಾಯುಷ್ಯವಾದರೋ ಸುಮಾರು 157 ಲಕ್ಷ ವರ್ಷ. ವಿಶ್ವಕಿರಣಗಳಿಂದಲೂ ಯುರೇನಿಯಂ ವಿದಳನದಿಂದಲೂ ಅದು ನಿಸರ್ಗದಲ್ಲಿ ಅತ್ಯಲ್ಪವಾಗಿ ಹುಟ್ಟುತ್ತದೆ. 1945ರಿಂದ 1980ರವರೆಗಿನ ವಾಯುಮಂಡಲದ ಬಾಂಬ್ ಪರೀಕ್ಷೆಗಳು ಹಾಗೂ ಸೆಲ್ಲಾಫೀಲ್ಡ್, ಲಾ ಹೇಗ್‌ಗಳಂತಹ ಇಂಧನ ಮರುಸಂಸ್ಕರಣಾ ಸ್ಥಾವರಗಳು ಅದನ್ನು ಹೆಚ್ಚಿಸಿದವು. ಸಾಮಾನ್ಯ ಅಯೋಡಿನ್-127ರೊಡನೆ ಅದರ ಅನುಪಾತವನ್ನು ಅಳೆದು ನಿಸರ್ಗದ ಪಾಲು ಯಾವುದು, ಮನುಷ್ಯನ ಪಾಲು ಯಾವುದು ಎಂದು ವಿಂಗಡಿಸಲಾಗುತ್ತದೆ.

ದೂರವು ರಕ್ಷಣೆಯಲ್ಲವೆಂಬುದಕ್ಕೆ ನಿದರ್ಶನಗಳಿವೆ. 1957ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರಿಗೆ ಬೆಂಕಿ ತಗುಲಿದಾಗ ಸುಮಾರು 500 ಚದರ ಕಿ.ಮೀ. ಪ್ರದೇಶದ ಹಾಲನ್ನು ಚೆಲ್ಲಬೇಕಾಯಿತು. 2011ರ ಮಾರ್ಚ್‌ನಲ್ಲಿ ಫುಕುಶಿಮಾದಿಂದ 200 ಕಿ.ಮೀ.ಗೂ ಆಚೆಯ ಟೋಕಿಯೋದ ಜಲಶುದ್ಧೀಕರಣ ಕೇಂದ್ರವೊಂದರಲ್ಲಿ ಕಿಲೋಗ್ರಾಂ ನೀರಿಗೆ 210 ಬೆಕೆರೆಲ್ ಅಯೋಡಿನ್-131 ಕಂಡುಬಂದಿತು. ಶಿಶುಗಳಿಗೆ ನಿಗದಿಯಾಗಿದ್ದ ಮಿತಿ 100.

ಕರ್ನಾಟಕದಲ್ಲಿ ಈ ಪ್ರಶ್ನೆ ಕಾಳಿ ನದಿಯ ದಂಡೆಯ ಕೈಗಾದೊಡನೆ ಹೆಣೆದುಕೊಂಡಿದೆ. ಸ್ಥಾವರವನ್ನು ವಿರೋಧಿಸಿದ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಯಲ್ಲೂ ಸ್ಪರ್ಧಿಸಿದರು. ಮೊದಲ ಎರಡು ಘಟಕಗಳು 2000ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅದಕ್ಕೂ ಮುನ್ನವೇ ಪರಿಸರ ಸಮೀಕ್ಷಾ ಪ್ರಯೋಗಾಲಯವು ಸುತ್ತಲಿನ ನೀರು, ಹಾಲು, ಮೀನುಗಳ ವಿಕಿರಣದ ದಾಖಲೆಯನ್ನು ಆರಂಭಿಸಿದ್ದುದು ಗಮನಾರ್ಹ. 2009ರ ನವೆಂಬರ್‌ನಲ್ಲಿ ಅಲ್ಲಿನ ಕುಡಿಯುವ ನೀರಿನ ಶೈತ್ಯಕವೊಂದರಲ್ಲಿ ಸೇರಿದ್ದುದು ಅಯೋಡಿನ್ ಅಲ್ಲ, ಟ್ರಿಟಿಯಂ. ಕುಡಿದವರಿಗೆ ತಿಳಿಯಲಿಲ್ಲ, ಸಿಬ್ಬಂದಿಯ ಮೂತ್ರ ಪರೀಕ್ಷೆಯಿಂದ ಅದು ಬೆಳಕಿಗೆ ಬಂದಿತು.

ಕಾಳಿ ಅರಬ್ಬೀ ಸಮುದ್ರವನ್ನೂ ಕೃಷ್ಣೆ ಬಂಗಾಳ ಕೊಲ್ಲಿಯನ್ನೂ ಸೇರುತ್ತವೆ. ಹೀಗಾಗಿ ಕೈಗಾದ ದ್ರವತ್ಯಾಜ್ಯ ನದಿಯ ದಾರಿಯಲ್ಲಿ ಈ ನಾಲ್ಕು ಪಟ್ಟಣಗಳ ಕಡೆಗೆ ಬರಲಾರದು. ಇಲ್ಲಿ ಪರಿಶೀಲಿಸಬೇಕಾದ ದಾರಿಗಳು ಬೇರೆ: ಮಳೆಯೊಡನೆ ಇಳಿದ ಜಾಗತಿಕ ಉಳಿಕೆ ಮತ್ತು ನದಿಯ ಮೇಲ್ದಂಡೆಯ ನಗರಗಳ ಆಸ್ಪತ್ರೆಗಳ ತ್ಯಾಜ್ಯ. ಬೀಳಗಿಯವರೆಗೂ ಚಾಚಿದ ಆಲಮಟ್ಟಿಯ ಹಿನ್ನೀರಿನಲ್ಲಿ ಹೊಳೆಯ ವೇಗ ತಗ್ಗುತ್ತದೆ. ಅಲ್ಲಿ ತಂಗುವ ನೀರಿನಲ್ಲಿ ಅಲ್ಪಾಯುವಾದ ಅಯೋಡಿನ್-131 ನಶಿಸಲು ಸಮಯ ದೊರೆಯುತ್ತದೆ. ದೀರ್ಘಾಯುವಾದ 129 ನಶಿಸದು. ನೀರಿನ ಮಾದರಿಯನ್ನು ಎಲ್ಲಿ, ಯಾವಾಗ ತೆಗೆಯಲಾಯಿತೆಂಬುದು ಆದ್ದರಿಂದ ಫಲಿತಾಂಶದಷ್ಟೇ ಮುಖ್ಯ.

ನೀರನ್ನು ಸೇದುವವರ ಕೈಯಲ್ಲಿದ್ದ ಪರೀಕ್ಷೆಯ ಅಧಿಕಾರ ಈ ಧಾತುವಿನ ವಿಷಯದಲ್ಲಿ ಸಂಪೂರ್ಣವಾಗಿ ಪ್ರಯೋಗಾಲಯಕ್ಕೆ ಸಾಗಿದೆ. ಇದು ಕೇವಲ ತಾಂತ್ರಿಕ ಬದಲಾವಣೆಯಲ್ಲ. ಬೇಳೆ ಬೇಯದ ಬಾವಿಯನ್ನು ಊರೇ ಬಿಟ್ಟುಬಿಡಬಹುದಿತ್ತು. ಬೆಕೆರೆಲ್ ಅಂಕಿಯನ್ನು ಓದಲಾರದ ಊರಿಗೆ ಆ ಸ್ವಾತಂತ್ರ್ಯವಿಲ್ಲ. ಆದುದರಿಂದ ಅಳತೆಯ ದಾಖಲೆ ನಿರಂತರವಾಗಿರಬೇಕು. ಜನರ ನುಡಿಯಲ್ಲಿ ಅವರಿಗೆ ಮರಳಬೇಕು. ನದೀಮೂಲವನ್ನು ಹುಡುಕುವುದು ಇಂದು ಗಂಗವ್ವನಿಗೆ ತೋರುವ ಅಗೌರವವಲ್ಲ. ಅವಳನ್ನು ಕಾಯುವ ಹೊಣೆಯ ಭಾಗ.