ಅವಕೆಂಪು ಸೌನಾ

ಅವಕೆಂಪು ಸೌನಾ: ಅವಕೆಂಪು ಕಿರಣಗಳಿಂದ ಮೈಯನ್ನು ನೇರವಾಗಿ ಕಾಯಿಸಿ ಬೆವರಿಸುವ, ಸಾಮಾನ್ಯವಾಗಿ ಮರದ ಹಲಗೆಗಳ ಚಿಕ್ಕ ಕೋಣೆ. ಫಿನ್ಲೆಂಡಿನ ಸೌನಾದಲ್ಲಿ ಕಾದ ಕಲ್ಲುಗಳು ಗಾಳಿಯನ್ನೇ 70–100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಮಾಡುತ್ತವೆ. ಇಲ್ಲಿ 45–60 ಡಿಗ್ರಿ ಸಾಕು. ವೈದ್ಯ ಜಾನ್ ಹಾರ್ವೆ ಕೆಲ್ಲಾಗ್ 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬ್ಯಾಟಲ್ ಕ್ರೀಕ್‌ನಲ್ಲಿ ಬಳಸಿದ ವಿದ್ಯುದ್ದೀಪ ಸ್ನಾನದ ಪೆಟ್ಟಿಗೆ ಇದರ ಪೂರ್ವರೂಪ. ಜಪಾನಿನ ವಾಒನ್ ಚಿಕಿತ್ಸೆಯಲ್ಲಿ ಹೃದ್ರೋಗಿಗಳನ್ನು ವೈದ್ಯರ ನಿಗಾದಲ್ಲಿ 60 ಡಿಗ್ರಿಯಲ್ಲಿ 15 ನಿಮಿಷ ಕೂರಿಸಿ, ಬಳಿಕ 30 ನಿಮಿಷ ಹೊದಿಸಿ ಮಲಗಿಸುತ್ತಾರೆ.

ಭಾರತದಲ್ಲಿ ಇದಕ್ಕೆ ಹತ್ತಿರದ್ದು ಆಯುರ್ವೇದದ ಸ್ವೇದನ, ಎಂದರೆ ಬೆವರಿಸುವ ಚಿಕಿತ್ಸೆ. ಚರಕಸಂಹಿತೆ ಬೆಂಕಿಯ ಕಾವಿನ 13 ಬಗೆಗಳನ್ನು ಹೇಳುತ್ತದೆ. ಗರ್ಭಿಣಿಯರಿಗೆ, ನಿತ್ಯ ಮದ್ಯ ಸೇವಿಸುವವರಿಗೆ, ಅತಿಸಾರ ಮತ್ತು ಮಧುಮೇಹ ಉಳ್ಳವರಿಗೆ ಅದನ್ನು ನಿಷೇಧಿಸುತ್ತದೆ. ಅವಕೆಂಪು ಸೌನಾದ ಇಂದಿನ ಎಚ್ಚರಿಕೆಯ ಪಟ್ಟಿಯೂ ಬಹುಮಟ್ಟಿಗೆ ಅದೇ. ಕಡಿಮೆ ರಕ್ತದೊತ್ತಡ, ಇತ್ತೀಚಿನ ಹೃದಯಾಘಾತ, ಜ್ವರ, ಮೂತ್ರ ಹೆಚ್ಚಿಸುವ ಮಾತ್ರೆಗಳು ಹೊಸ ಸೇರ್ಪಡೆ. ಬೆಳಗಾವಿ ಶಹಾಪುರದ ಕೆಎಲ್ಇ ಆಯುರ್ವೇದ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಪಂಚಕರ್ಮದ ಅಂಗವಾಗಿ ಸ್ವೇದನ ನಡೆಯುತ್ತದೆ.

ಬೆವರಿನಲ್ಲಿ ಮೈಯ ವಿಷವೆಲ್ಲ ಹರಿದುಹೋಗುತ್ತದೆ ಎಂಬ ಪ್ರಚಾರಕ್ಕೆ ಗಟ್ಟಿ ಆಧಾರವಿಲ್ಲ. ಆ ಕೆಲಸ ಮುಖ್ಯವಾಗಿ ಯಕೃತ್ತು, ಮೂತ್ರಪಿಂಡಗಳದು. ತಕ್ಷಣ ಇಳಿಯುವ ತೂಕವೂ ನೀರಿನದೇ. ಸೌನಾದಲ್ಲಿ ಮೊದಲ ಸಲಕ್ಕೆ 10–15 ನಿಮಿಷ ಸಾಕು. ಮುನ್ನ ಮತ್ತು ನಂತರ ನೀರು ಅಗತ್ಯ, ಮದ್ಯ ವರ್ಜ್ಯ. ತಲೆಸುತ್ತು ಬಂದರೆ ಕೂಡಲೇ ಹೊರಬರಬೇಕು. ಬೆಳಗಾವಿ ಜಿಲ್ಲೆಯ ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ತಾಲ್ಲೂಕುಗಳಲ್ಲಿ ಬೇಸಗೆಯ ಬಿಸಿಲಲ್ಲಿ ಹೊಲದ ಕೆಲಸ ಮುಗಿಸಿದವರ ಮೈಯಲ್ಲಿ ನೀರು, ಉಪ್ಪು ಆಗಲೇ ಕಡಿಮೆಯಾಗಿರುವುದರಿಂದ ಅಂಥ ದಿನ ಸೌನಾ ತರವಲ್ಲ.