ಬಾಗಿಲಿಲ್ಲದ ಮನೆ

ಮಾರ್ಕೋನಹಳ್ಳಿ ಎಂದರೆ ಶಿಂಷಾ ನದಿಯ ಅಣೆಕಟ್ಟು. ಮೈಸೂರು ಅರಸರ ಕಾಲದ್ದು. ನೀರು ಮಟ್ಟ ಮೀರಿದರೆ ಯಾರೂ ಬಾಗಿಲು ಎತ್ತಬೇಕಿಲ್ಲ. ಸೈಫನ್ನಿನ ಮೂಲಕ ತಾನಾಗಿ ಹೊರಬೀಳುತ್ತದೆ. ನನಗೆ ಮಾತ್ರ ಆ ಊರೆಂದರೆ ತಂಗಿಯ ಮಗನ ನೆನಪು.

ಅವನಿಗೆ ಐದು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಹುಡುಗ ಅಳಲಿಲ್ಲ, ಮಾತೂ ಆಡಲಿಲ್ಲ. “ಮಗು ಕಣಮ್ಮ, ಮರೆತುಬಿಡುತ್ತೆ” ಎಂದರು ಬಂದವರೆಲ್ಲ. ಮದುವೆಯೊಂದಕ್ಕೆ ಚನ್ನಪಟ್ಟಣಕ್ಕೆ ಹೋಗಿದ್ದ ನಾನು ಅರಗಿನ ಬಣ್ಣದ ಮರದ ತುಂಡುಗಳನ್ನು ತಂದುಕೊಟ್ಟೆ. ದಿನವೂ ಮನೆ ಕಟ್ಟುವನು, ಒದ್ದು ಕೆಡವುವನು. “ಕಟ್ಟಿದ ಮನೆ ಕೆಡವಬಾರದು ಕಣೋ” ಎಂದು ನಮ್ಮಮ್ಮ ಗದರಿದರು. ನಾನು ಪೆಟ್ಟಿಗೆಯನ್ನೇ ಬೀರುವಿನಲ್ಲಿಟ್ಟೆ.

ಪಕ್ಕದ ಮನೆಯ ನಿವೃತ್ತ ಶಿಶುವಿಹಾರದ ಮೇಡಂ ಅಂದರು: “ಅವನ ಮಾತಿಗೇ ಬೀಗ ಹಾಕಿದಿರಲ್ಲಮ್ಮ!” ಫ್ರೀಡ್ರಿಕ್ ಫ್ರೊಬೆಲ್‌ನ ಹೆಸರು ಕೇಳಿದ್ದು ಅವರಿಂದಲೇ. 1782ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಆತ ಒಂದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವನು. 1837ರಲ್ಲಿ ಮಕ್ಕಳಿಗಾಗಿ ಆಟದ ಶಾಲೆ ತೆರೆದ. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟ. ಮಕ್ಕಳ ಕೈಗೆ ಆತ ಕೊಟ್ಟ ಸಾಮಾನುಗಳಲ್ಲೊಂದು ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದಾದ ಮರದ ಘನ. ಬಿಡಿಸಿ, ಮತ್ತೆ ಕೂಡಿಸುವುದೇ ಪಾಠ.

ಫ್ರೊಬೆಲ್‌ನದು ಶಿಕ್ಷಣ, ಆಟ ಚಿಕಿತ್ಸೆಯಾದದ್ದು ಆಮೇಲೆ. 1929ರಲ್ಲಿ ಲಂಡನ್ನಿನ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ ನೊಂದ ಮಕ್ಕಳ ಮುಂದೆ ಮರಳು, ಪುಟ್ಟ ಮನೆ, ಗೊಂಬೆಗಳನ್ನಿಟ್ಟು, ಅವರು ಕಟ್ಟಿದ ಲೋಕವನ್ನೇ ಅವರ ಮಾತೆಂದು ನೋಡಿದರು. ಅಮೆರಿಕದ ಡೇನಿಯಲ್ ಲಿಗಾಫ್ ಆಟಿಸಂ ಇರುವ ಮಕ್ಕಳನ್ನು ಗುಂಪಾಗಿ ಕೂರಿಸಿ ಲೆಗೊ ತುಂಡುಗಳಲ್ಲಿ ಕಟ್ಟಿಸಿದರು. ಒಬ್ಬ ನಕ್ಷೆ ನೋಡಿ ಹೇಳುವವನು, ಒಬ್ಬ ತುಂಡು ಹುಡುಕಿಕೊಡುವವನು, ಮತ್ತೊಬ್ಬ ಕಟ್ಟುವವನು. ಮಾತಾಡದೆ ಕೆಲಸ ಸಾಗದು. ಅವರ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ನಮ್ಮ ಲಗೋರಿಯಲ್ಲೂ ಅಷ್ಟೇ ಅಲ್ಲವೇ? ಕಲ್ಲಿನ ಗೋಪುರ ಬೀಳದೆ ಆಟವೇ ಶುರುವಾಗುವುದಿಲ್ಲ. ಜೊತೆಗಾರರಿಲ್ಲದೆ ಅದು ಮತ್ತೆ ಏಳುವುದಿಲ್ಲ.

ಪೆಟ್ಟಿಗೆ ವಾಪಸು ಕೊಟ್ಟೆ. ಹದಿನೈದು ದಿನವಾಗಿರಬಹುದು. ತಂಗಿ ಅಕ್ಕಿ ಆರಿಸುತ್ತಿದ್ದಳು. ಹುಡುಗ ನಾಲ್ಕೂ ಕಡೆ ಮುಚ್ಚಿದ ಮನೆ ಕಟ್ಟಿ, “ಅಪ್ಪ ಒಳಗವ್ರೆ. ಬಾಗಿಲಿಲ್ಲ” ಎಂದ. ತಂಗಿ ಮೊರ ಬದಿಗಿಟ್ಟು ಅವನ ಪಕ್ಕ ಕೂತಳು. “ಎಲ್ಲಿ ಇಡೋಣ ಬಾಗಿಲು?” ಅಂದಳು. ಆಗ ಅತ್ತ, ಅಷ್ಟು ದಿನದ್ದೂ ಸೇರಿಸಿ. ಇಬ್ಬರೂ ಅತ್ತರು. ನಾನು ತಡೆಯಲಿಲ್ಲ.

ಮರದ ತುಂಡೇ ಔಷಧವೆಂದು ನಾನು ಹೇಳಲಾರೆ. ಮಗು ಬಹಳ ದಿನ ಮೌನವಾಗಿದ್ದರೆ ವೈದ್ಯರಿಗೆ ತೋರಿಸಲೇಬೇಕು; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ಆದರೆ ಮನೆಯಲ್ಲಿ ಮಗು ಏನಾದರೂ ಕಟ್ಟಿ ಕೆಡವುತ್ತಿದ್ದರೆ, ಎತ್ತಿಡುವ ಮುನ್ನ ಒಂದು ಗಳಿಗೆ ಪಕ್ಕದಲ್ಲಿ ಕೂತು ನೋಡಿ.